ಎರಡು ತೆನೆಯ ಲೆಕ್ಕ

ಕಣದಲ್ಲಿ ಬೆಂಕಿ ಹಾಕಿದಾಗಲೆಲ್ಲ ನಮ್ಮ ಮನೆಯವರಿಗೆ ಆ ರಾತ್ರಿ ನೆನಪಾಗುತ್ತದೆ.

2019ರ ಕಾರ್ತಿಕ. ಆಗಸ್ಟಿನ ನೆರೆ ಸಾಲದೆಂಬಂತೆ ಮಳೆ ಮತ್ತೆ ಮತ್ತೆ ಬಂದಿತ್ತು. ಹಾನಗಲ್ಲಿನ ನಮ್ಮ ಹೊಲದಲ್ಲಿ ಗೋವಿನಜೋಳ ಮುರಿದು ಕಣಕ್ಕೆ ಹಾಕಿದ್ದೆವು, ಹಸಿ ಆರಿರಲಿಲ್ಲ. ರಾಶಿ ಕಾಯುತ್ತ ರವದಿ, ಬೆಂಡು ಉರಿಸಿಕೊಂಡು ಕೂತಿದ್ದಾಗ ಹಿರೇಕೆರೂರಿನಿಂದ ಬೀಗರಾಗಬೇಕಾದವರು ಬಂದರು. ಹೇಳದೆ ಕೇಳದೆ ಬಂದಿದ್ದರು. ಸವಣೂರಿನ ನಮ್ಮ ಅತ್ತೆ ಕೂಡಿಸಿದ ಸಂಬಂಧ, ಅಣ್ಣನ ಮಗಳಿಗೆ. ನಿಶ್ಚಯಕ್ಕೆ ಎಂಟು ದಿನ ಉಳಿದಿತ್ತು.

ಅವರ ಕಿವಿಗೆ ಬಿದ್ದ ಸುದ್ದಿ ಸುಳ್ಳಾಗಿರಲಿಲ್ಲ. ಅಣ್ಣನಿಗೆ ಬೆನ್ನುನೋವು ಶುರುವಾದಾಗ ಎಂಟು ತಿಂಗಳು ಬರೀ ನೋವಿನ ಇಂಜೆಕ್ಷನ್ ಆಯಿತು, ರಕ್ತ ಪರೀಕ್ಷೆ ಮಾಡಿಸಿ ಎಂದು ಒಬ್ಬರೂ ಹೇಳಲಿಲ್ಲ. ಗೊಬ್ಬರದ ಚೀಲ ಎತ್ತಲು ಬಾಗಿದವನ ಬೆನ್ನಿನ ಮಣಿ ಕುಸಿಯಿತು. ಹುಬ್ಬಳ್ಳಿಗೆ ಒಯ್ದೆವು, ಅಲ್ಲಿಂದ ಬೆಂಗಳೂರಿನ ಕಿದ್ವಾಯಿಗೆ. ಮಲ್ಟಿಪಲ್ ಮೈಲೋಮಾ ಎಂದರು. ಮೂಳೆಯ ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳಿರುತ್ತವೆ, ರೋಗ ತಡೆಯುವ ಪ್ರತಿಕಾಯ ತಯಾರಿಸುವುದು ಅವುಗಳ ಕೆಲಸ. ಅವೇ ಅಳತೆ ಮೀರಿ ಬೆಳೆದು ಮೂಳೆ ಸವೆಸುತ್ತವೆ, ರಕ್ತ ಇಳಿಸುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ.

"ಮನೆಯಲ್ಲಿ ಮತ್ತೆ ಯಾರಿಗಾದರೂ ಇತ್ತೇ?" ಎಂದು ವೈದ್ಯರು ಕೇಳಿದಾಗ ಅಣ್ಣನೂ ನಾನೂ ಮುಖ ಮುಖ ನೋಡಿಕೊಂಡೆವು. ಅಪ್ಪ ಹೊಸ್ತಿಲು ಎಡವಿದ್ದಷ್ಟೇ, ತೊಡೆಯ ಮೂಳೆ ಮುರಿದಿತ್ತು. ಬಿಳುಚಿಕೊಂಡು ಆರು ತಿಂಗಳಿಗೆ ಹೋದ. ವಯಸ್ಸಾದ ಮೂಳೆ ಅಂದುಕೊಂಡೆವು. ಅವ್ವ ಆಮೇಲೆ ಆ ಮಾತು ಎತ್ತಗೊಡಲಿಲ್ಲ.

ಬೀಗರ ಪೈಕಿ ಹಿರಿಯರು ಬೆಂಕಿಗೆ ಕೈ ಚಾಚಿ, ಬಹಳ ಹೊತ್ತಿನ ಮೇಲೆ ಕೇಳಿದರು: "ಬ್ಯಾಸರ ಮಾಡ್ಕೋಬ್ಯಾಡ್ರಿ. ಇದು ರಕ್ತದಾಗ ಇಳಿದು ಬರತೈತೇನ್ರಿ?"

ಇಲ್ಲ ಎಂದುಬಿಡೋಣವೆನಿಸಿತು. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದ ಅಣ್ಣ ನನ್ನ ಕಡೆ ತಿರುಗಿದ. "ಇದ್ದದ್ದು ಇದ್ದಂಗ ಹೇಳು."

ಹೇಳಿದೆ. ರೋಗವೇ ಇಳಿದು ಬರುವುದಿಲ್ಲ, ಕಣ ಕೆಡುವುದು ಬದುಕಿನ ನಡುವೆ ಎಂದಿದ್ದರು ವೈದ್ಯರು. ಹುಟ್ಟಿನಿಂದ ಬರುವುದು ಅದರ ಕಡೆಗೊಂದು ಸಣ್ಣ ವಾಲಿಕೆ. 2018ರ ಹೊತ್ತಿಗೆ ವಿಜ್ಞಾನಿಗಳು ಮನುಷ್ಯರ ವರ್ಣತಂತುಗಳಲ್ಲಿ ಇಂಥ 23 ಜಾಗ ಗುರುತಿಸಿದ್ದರು, ಒಂದೊಂದರ ಪ್ರಭಾವವೂ ಅಷ್ಟಕ್ಕಷ್ಟೇ. ಲಕ್ಷಣವಿಲ್ಲದ ಮಕ್ಕಳೆಲ್ಲ ಪರೀಕ್ಷೆಗೆ ಓಡಬೇಕಿಲ್ಲ. ಆದರೆ ಮೂಳೆನೋವು ವಾರಗಟ್ಟಲೆ ಬಿಡದಿದ್ದರೆ, ಮನೆಯಲ್ಲಿ ಹೀಗಾಗಿತ್ತೆಂದು ಡಾಕ್ಟರಿಗೆ ಮೊದಲು ಹೇಳಬೇಕು. ಇಷ್ಟು ಹೇಳಿ, ಹೆತ್ತವರಿಗೋ ಒಡಹುಟ್ಟಿದವರಿಗೋ ಬಂದಿದ್ದರೆ ಅಪಾಯ ಎರಡರಿಂದ ನಾಲ್ಕು ಪಟ್ಟು ಎಂಬುದನ್ನೂ ಸೇರಿಸಿದೆ.

"ನಾಕು ಪಟ್ಟs?" ತಂಬಾಕು ತಿಕ್ಕುತ್ತಿದ್ದ ಕೈ ನಿಂತಿತು.

ಚಹಾ ತಂದಿದ್ದ ಹುಡುಗಿ ತಟ್ಟೆ ಕೆಳಗಿಟ್ಟಳು. ಶಿಗ್ಗಾಂವಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. "ಕಾಕಾ, ಎದರ ನಾಕು ಪಟ್ಟು ಅನ್ನೋದನ್ನ ಹೇಳಲಿಲ್ಲಲ್ಲ ನೀವು."

ರಾಶಿಯಿಂದ ಎರಡು ತೆನೆ ಎತ್ತಿಕೊಂಡು ಬೆಂಕಿಯ ಬೆಳಕಿಗೆ ಹಿಡಿದು ಎಣಿಸಿದಳು. ತೆನೆಗೆ 16 ಸಾಲು, ಸಾಲಿಗೆ 31 ಕಾಳು. "ಎರಡೂ ಸೇರಿ ಸಾವಿರ ಅಂತ ಹಿಡೀರಿ. ಅಮೆರಿಕಾದಾಗ ಸಾವಿರ ಮಂದಿಯೊಳಗ ಜೀವಮಾನದಾಗ ಹೆಚ್ಚುಕಡಿಮಿ ಎಂಟು ಮಂದಿಗೆ ಇದು ಬರತೈತಿ. ನಮ್ಮ ಕಡೆ ಅದಕ್ಕಿಂತಾ ಕಡಿಮಿ. ಇರ್ಲಿ, ಎಂಟನ್ನs ಹಿಡಿಯೋಣು." ಹೆಬ್ಬೆರಳಿನ ಉಗುರಿನಿಂದ ಎಂಟು ಕಾಳು ಕಿತ್ತು ಅಂಗೈಗೆ ಹಾಕಿಕೊಂಡಳು. ಆಮೇಲೆ ಅದೇ ಸಾಲನ್ನು ಕೊನೆಯವರೆಗೂ ಬಿಡಿಸಿದಳು. "ಎಂಟು ನಾಕಲೇ 32. ಅಂದ್ರ ಇದೊಂದು ಸಾಲು. ಅದೂ ಬಹಳ ಮಂದಿಗೆ ಅರವತ್ತು ದಾಟಿದ ಮ್ಯಾಲ. ಉಳಿದ 31 ಸಾಲು ಹಂಗs ಅದಾವ, ನೋಡ್ರಿ."

ದನಿ ನಡುಗಲಿಲ್ಲ, ತೆನೆ ಹಿಡಿದ ಕೈ ಮಾತ್ರ ನಡುಗುತ್ತಿತ್ತು. ಅಣ್ಣ ಬೇರೆ ಕಡೆ ಮುಖ ಮಾಡಿದ.

ಹಿರಿಯರು ತೆನೆ ಇಸಿದುಕೊಂಡರು. ಬೋಳಾದ ಸಾಲಿನ ಮೇಲೆ ಬೆರಳಾಡಿಸಿದರು, ತೆನೆ ತಿರುವಿ ತುಂಬಿದ ಬದಿ ನೋಡಿದರು, ಮತ್ತೆ ಬೋಳು ಬದಿಗೆ ಬಂದರು.

"ನನ್ನ ತಮ್ಮ ಮೂವತ್ತೈದಕ್ಕ ಎದಿ ಹಿಡಕೊಂಡು ಹೊಲದಾಗs ಬಿದ್ದ" ಎಂದರು. "ನಮ್ಮಪ್ಪನೂ ಹಂಗs. ನೀವು ಕೇಳಲೇ ಇಲ್ಲ."

"ಈಗ ಕೇಳತೇನ್ರಿ," ಅಂದ ಅಣ್ಣ. "ಹೇಳ್ರಿ."

ನಾನು ಬೆಂಕಿಗೆ ಇನ್ನೆರಡು ಬೆಂಡು ಹಾಕಿದೆ. ಅವರು ತಮ್ಮನ ಹೆಸರಿನಿಂದ ಶುರು ಮಾಡಿದರು.