ಹೊಂಡದ ಶೀಟಿನ ಅಳತೆ: ನಾನು ಮಾಡಿದ ತಪ್ಪು ನೀವು ಮಾಡಬೇಡಿ



ಈ ಸಲ ಸ್ವಲ್ಪ ಉದ್ದ ಬರೀತಿದ್ದೀನಿ, ಪುರುಸೊತ್ತು ಮಾಡ್ಕೊಂಡು ಓದಿ. 2014ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ನಮ್ಮ ಹಿರಿಯೂರು ಸೀಮೇಲಿ ಸುಮಾರು ಜನ ಹೊಂಡ ತೆಗೆಸಿದ್ವಿ. ಆಗ ಹಾಕಿದ ಶೀಟುಗಳು ಈಗ ಒಂದೊಂದಾಗಿ ಕೈ ಕೊಡ್ತಿವೆ. ಬದಲಾಯಿಸೋ ಯೋಚನೆ ಇರೋರು ದುಡ್ಡು ಕಟ್ಟೋಕೆ ಮುಂಚೆ ಇದನ್ನ ಓದಿ ಅಂತ ಬರೀತಿದ್ದೀನಿ.

ನಮ್ಮದು 2016ರ ಹೊಂಡ. ಮೇಲೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ತಳ 15 ಮೀಟರ್ ಚೌಕ. ತುಂಬಿದ್ರೆ ಹತ್ತಿರ ಹತ್ತಿರ 9.8 ಲಕ್ಷ ಲೀಟರ್ ನೀರು. ಒಂದೂವರೆ ಎಕರೆ ದಾಳಿಂಬೆ ಈ ನೀರಿನ ಮೇಲೇ ನಿಂತಿದೆ, ಬೋರನ್ನ ನಂಬೋ ಹಾಗಿಲ್ಲ. ಹೋದ ವರ್ಷ ಹಿಂಗಾರಿನಲ್ಲಿ ತುಂಬಿದ ಹೊಂಡ ಸಂಕ್ರಾಂತಿ ಹೊತ್ತಿಗೆ ಅರ್ಧ ಇರಲಿಲ್ಲ. ಮೊದಲು ಬಿಸಿಲಿಗೆ ಆರಿದೆ ಅಂದ್ಕೊಂಡೆ. ಆಮೇಲೆ ಒಂದು ಕೋಲಿಗೆ ಗುರುತು ಹಾಕಿ ನೀರಲ್ಲಿ ನಿಲ್ಲಿಸಿ ದಿನಾ ನೋಡಿದೆ. ಬಿಸಿಲಿಗೆ ದಿನಕ್ಕೆ ಕಾಲು ಇಂಚು ಇಳಿಯೋದು ಸಹಜ. ನಮ್ಮದು ಎರಡು ಇಂಚು ಇಳೀತಿತ್ತು. ಒಂದು ಮಟ್ಟಕ್ಕೆ ಬಂದ ಮೇಲೆ ಇಳಿಯೋದು ನಿಧಾನವಾಯ್ತು. ಹಾಗಾದ್ರೆ ತೂತು ಆ ಮಟ್ಟದಲ್ಲೇ ಇದೆ ಅಂತ ಅರ್ಥ. ಹುಡುಕಿದ್ರೆ ಒಂದಲ್ಲ, ಹನ್ನೊಂದು ಸಿಕ್ಕವು. ಶೀಟು ಕೈಲಿ ಮಡಿಸಿದ್ರೆ ಹಪ್ಪಳದ ಹಾಗೆ ಒಡೀತಿತ್ತು. ಅದಕ್ಕೆ ತೇಪೆ ಹಾಕೋದು ದಂಡ ಅಂತ ಹೊಸದಕ್ಕೆ ಮನಸ್ಸು ಮಾಡಿದ್ವಿ.

ದುಡ್ಡಿಗೆ ನಮ್ಮ ಮನೆಯವರ ಎರಡು ಬಳೆ ಗಿರವಿಗೆ ಹೋದವು. ಅವಳು ಏನೂ ಅನ್ನಲಿಲ್ಲ. "ಗಿಡ ಉಳಿದ್ರೆ ಬಳೆ ಬರುತ್ತೆ ಬಿಡ್ರಿ" ಅಂದ್ಲು. ಈ ಮಾತು ಯಾಕೆ ಬರೆದೆ ಅಂತ ಮುಂದೆ ಗೊತ್ತಾಗುತ್ತೆ.

ಈಗ ತಪ್ಪಿಗೆ ಬರ್ತೀನಿ. ಶೀಟು ಬರೋದು ತಡ ಆಗುತ್ತೆ ಅಂತ ಅಂಗಡಿಯವರು ಹೇಳಿದ್ರು. ನಾನು ಆತುರ ಬಿದ್ದು ಹಳೇ ಕಾಗದದ ಅಳತೆ ಹಿಡ್ಕೊಂಡು ಲೆಕ್ಕ ಹಾಕಿದೆ. ತಳ 15 ಮೀಟರ್. ಇಳಿಜಾರು ಒಂದು ಕಡೆಗೆ 4.24 ಮೀಟರ್, ಎರಡು ಕಡೆ ಸೇರಿ ಎಂಟೂವರೆ. ಏರಿ ಮೇಲೆ ಹೂಳೋಕೆ ಆ ಕಡೆ ಒಂದು, ಈ ಕಡೆ ಒಂದು ಮೀಟರ್. ಒಟ್ಟು ಇಪ್ಪತ್ತೈದೂವರೆ ಮೀಟರ್, ಅಂದ್ರೆ 84 ಅಡಿ. 84 ಅಡಿ ಚೌಕ, 500 ಮೈಕ್ರಾನ್ ದಪ್ಪ ಅಂತ ಹೇಳಿ, 62 ಸಾವಿರ ಕಟ್ಟಿ ಬಂದೆ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದ್ರೆ ಅದು 2016ರ ಹೊಂಡದ ಲೆಕ್ಕ.

ದುಡ್ಡು ಕಟ್ಟಿ ಬಂದ ಮೇಲೆ ಜೆಸಿಬಿ ಕರೆಸಿದೆ. ಹಳೇ ಶೀಟು ಕಿತ್ತು, ಒಂಬತ್ತು ವರ್ಷದ ಹೂಳು ಎತ್ತಿಸಿದೆ. ತೂತಿನಿಂದ ನೀರು ಇಳಿದು ಶೀಟಿನ ಹಿಂದಿನ ಮಣ್ಣು ಅಲ್ಲಲ್ಲಿ ಕುಸಿದಿತ್ತು. ಡ್ರೈವರ್ ಹುಡುಗ ಪಕ್ಕಗಳನ್ನೂ ಸವರಿ ನೀಟಾಗಿ ಮಾಡಿಕೊಟ್ಟ. ತಳಾನೂ ಒಂದಡಿ ಇಳೀತು. ನಾನು ಖುಷಿಯಾಗಿ ನೋಡ್ತಾ ನಿಂತಿದ್ದೆ. ಹೊಂಡ ಬೆಳೀತಿದೆ ಅನ್ನೋದು ತಲೆಗೆ ಹೊಳೀಲಿಲ್ಲ.

ಶೀಟು ಬಂದ ದಿನ ಹತ್ತು ಜನ ಸೇರಿದ್ವಿ. ಮುನ್ನೂರು ಕೆಜಿ ತೂಕ, ಅಷ್ಟು ಜನ ಬೇಕೇ ಬೇಕು. ಪಡುವಣ ಏರಿ ಮೇಲೆ ಟ್ರೆಂಚಿಗೆ ನಾಲ್ಕು ಅಡಿ ಬಿಟ್ಟು, ಕೆಳಗಿಳಿಸಿ, ಮೂಡಲ ಕಡೆಗೆ ಎಳೆದ್ವಿ. ಏರಿ ಅಂಚಿಗೆ ಇನ್ನೂ ಒಂದಡಿ ಇರೋವಾಗ್ಲೇ ಶೀಟು ಮುಗೀತು. ಹತ್ತು ಜನಾನೂ ನನ್ನ ಮುಖ ನೋಡಿದ್ರು. ನನ್ನ ಭಾಮೈದ "ಭಾವ, ಇನ್ನೊಂದು ಸಲ ಜಗ್ಗೋಣ" ಅಂದ. ಜಗ್ಗಿದ್ರೆ ಬರೋದು ರಬ್ಬರು ಸ್ವಾಮಿ, ಇದಲ್ಲ.

ಊಟ ತಂದ ನಮ್ಮ ಮನೆಯವಳು ನಿಂತು ನೋಡಿದ್ಲು. ಅವಳು ಮನೇಲಿ ರವಿಕೆ ಹೊಲೀತಾಳೆ. "ಒಂಬತ್ತು ವರ್ಷದ ಹಿಂದಿನ ಅಳತೆ ರವಿಕೆ ಇಟ್ಕೊಂಡು ಹೊಲಿದ್ರೆ ಇವತ್ತಿನ ಮೈಗೆ ಆಗುತ್ತೇನ್ರಿ?" ಅಂದ್ಲು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವಳ ಕೈ ನೋಡೋಕೆ ಆಗಲಿಲ್ಲ.

ಅವತ್ತು ಸಾಯಂಕಾಲ ಟೇಪ್ ಹಿಡಿದು ಅಳೆದೆ, ಮೊದಲೇ ಮಾಡಬೇಕಿದ್ದ ಕೆಲಸ. ಮೇಲೆ 72 ಅಡಿ, ತಳ 49 ಅಡಿ, ಆಳ 11 ಅಡಿ. ಈ ಏರಿ ಅಂಚಿಂದ ಇಳಿಜಾರಿಗೆ ಅಂಟಿಸ್ಕೊಂಡು ಟೇಪ್ ಇಳಿಸಿ, ತಳ ದಾಟಿಸಿ, ಆ ಕಡೆ ಏರಿ ಅಂಚಿಗೆ ಹತ್ತಿಸಿದ್ರೆ 81 ಅಡಿ. ಹೂಳೋಕೆ ಕಡೆಗೆ ನಾಲ್ಕರಂತೆ ಎಂಟು, ಸಡಿಲಕ್ಕೆ ಎರಡು. ಒಟ್ಟು 91 ಬೇಕಿತ್ತು. ನನ್ನ ಹತ್ರ ಇದ್ದಿದ್ದು 84.

ಏನು ಮಾಡೋದು? ಒಬ್ಬೊಬ್ಬರು ಒಂದೊಂದು ಹೇಳಿದ್ರು. ತಳಕ್ಕೆ ಎರಡಡಿ ಮಣ್ಣು ತುಂಬು ಅಂದ್ರು. ಲೆಕ್ಕ ಹಾಕಿದ್ರೆ, ತಳ ಮೇಲೆ ಬಂದ ಹಾಗೆ ಅಗಲ ಆಗುತ್ತೆ, ಎರಡಡಿ ತುಂಬಿದ್ರೂ ಶೀಟು ಉಳಿಯೋದು ಒಂದೂವರೆ ಅಡಿ ಮಾತ್ರ. ಒಂದೂವರೆ ಲಕ್ಷ ಲೀಟರ್ ನೀರಿನ ಜಾಗ ಮಾತ್ರ ಹೋಗುತ್ತೆ. ಏರಿಯಿಂದ ಎರಡಡಿ ಕೆಳಗೆ ಮೆಟ್ಟಿಲು ಕಡಿದು ಅಲ್ಲೇ ಹೂಳು ಅಂದ್ರು. ಮೇಲಿನ ಎರಡಡಿ ಹೊಂಡದ ಅತಿ ಅಗಲದ ಭಾಗ, ಎರಡೂವರೆ ಲಕ್ಷ ಲೀಟರಿಗೂ ಜಾಸ್ತಿ ಅಲ್ಲೇ ನಿಲ್ಲೋದು. ವಾಪಸ್ ಕೊಡೋಣ ಅಂದ್ರೆ ಬಿಚ್ಚಿದ ಶೀಟು ಯಾರೂ ತಗೊಳಲ್ಲ. ಉಳಿದಿದ್ದು ಒಂದೇ ದಾರಿ, ಜೋಡು ಹಾಕೋದು.

ಶೀಟನ್ನ ಪಡುವಣ, ಬಡಗಣ ಎರಡು ಕಡೆ ಪೂರ್ತಿ ಹೂಳೋ ಹಾಗೆ ಸರಿಸಿ, ಮೂಡಲ ಮತ್ತು ತೆಂಕಲ ಕಡೆಗೆ ಎಂಟಡಿ ಅಗಲದ ಎರಡು ಪಟ್ಟಿ ಬೆಸುಗೆ ಹಾಕಿಸಿದೆ. ಬೆಸುಗೆ ಅಂದ್ರೆ ಗಮ್ ಅಲ್ಲ, ಬಿಸಿ ಮೆಷಿನ್ನಿಂದ ಎರಡು ಶೀಟು ಕರಗಿಸಿ ಕೂಡಿಸೋದು. ಅರ್ಧ ಅಡಿ ಒಂದರ ಮೇಲೊಂದು ಬರಬೇಕು. ಕೆಳಗೆ ಹಲಗೆ ಇಟ್ಟು, ಎರಡೂ ಕಡೆ ಧೂಳು ಒರೆಸಿಯೇ ಮೆಷಿನ್ ಓಡಿಸಬೇಕು. ಮುಗಿದ ಮೇಲೆ ಬೆಸುಗೆ ಹಾಕೋ ಅಣ್ಣ ಸ್ಕ್ರೂಡ್ರೈವರ್ ತುದಿಯನ್ನ ಜೋಡಿನ ಉದ್ದಕ್ಕೂ ಆಡಿಸಿ ತೋರಿಸಿದ. ಎರಡು ಕಡೆ ಒಳಗೆ ಹೋಯ್ತು, ಅಲ್ಲೇ ಮತ್ತೆ ಬೆಸೆದ. ನೀವೂ ಎದುರಿಗೆ ನಿಂತು ಇದನ್ನ ಮಾಡಿಸಿ. ಜೋಡು ಮೇಲಿನ ಎರಡಡಿ ಒಳಗೇ ಬಂದಿದೆ, ನಾಳೆ ಸೋರಿದ್ರೂ ಅಷ್ಟೇ ನೀರು ಹೋಗೋದು, ತಳದ್ದು ಉಳಿಯುತ್ತೆ. ಪಟ್ಟಿ, ಬಾಡಿಗೆ, ಬೆಸುಗೆ ಎಲ್ಲಾ ಸೇರಿ 21 ಸಾವಿರ ಆಯ್ತು. ಸಾಯಂಕಾಲದ ಅರ್ಧ ಗಂಟೆ ಅಳತೆಗೆ ಸೋಮಾರಿತನ ಮಾಡಿದ್ದಕ್ಕೆ ಕಟ್ಟಿದ ದಂಡ ಅದು.

ಈಗ ನಿಮಗೆ ಅಳತೆ ಕ್ರಮ ಹೇಳ್ತೀನಿ. ಮೊದಲು ಹೂಳು, ಮಣ್ಣಿನ ಕೆಲಸ ಪೂರ್ತಿ ಮುಗಿಸಿ, ಆಮೇಲೇ ಅಳೀರಿ. ಉದ್ದಕ್ಕೆ ಮೂರು ಕಡೆ ಟೇಪ್ ಇಳಿಸಿ, ಈ ತುದಿ, ನಡುವೆ, ಆ ತುದಿ. ಅಗಲಕ್ಕೂ ಹಾಗೇ ಮೂರು. ಮೂರರಲ್ಲಿ ದೊಡ್ಡದನ್ನ ಬರ್ಕೊಳ್ಳಿ, ಸರಾಸರಿ ಬೇಡ. ಮೂಲೆಯಿಂದ ಮೂಲೆಗೂ ಎರಡು ಸಲ ಅಳೀರಿ, ಎರಡೂ ಒಂದೇ ಬರದಿದ್ರೆ ಹೊಂಡ ಸೊಟ್ಟ ಇದೆ ಅಂತ, ಇನ್ನೂ ಎರಡಡಿ ಸೇರಿಸಿ. ಹೂಳೋಕೆ ಪ್ರತಿ ಕಡೆ ನಾಲ್ಕಡಿ ಬಿಡಿ. ಟೇಪ್ ಬಿಗಿಯಾಗಿ ಎಳೆದು ಗಾಳಿಯಲ್ಲಿ ನಿಲ್ಲಿಸಬೇಡಿ, ಮಣ್ಣಿಗೆ ಮುಟ್ಟಿಸಿಯೇ ಹೋಗಬೇಕು. ಒಬ್ಬರಿಂದ ಆಗೋ ಕೆಲಸ ಅಲ್ಲ, ಇಬ್ಬರು ಬೇಕು.

ಹಾಸೋವಾಗ ಮಧ್ಯಾಹ್ನ ಹಾಸಬೇಡಿ. ಕಪ್ಪು ಶೀಟು ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ನಮ್ಮದು ಬೆಳಗಾಗೋದ್ರೊಳಗೆ ಅರ್ಧ ಅಡಿ ಕುಗ್ಗಿತ್ತು. ಬಿಗಿಯಾಗಿ ಹೂತಿದ್ರೆ ಮೂಲೇಲಿ ಹರಿದೇ ಹೋಗ್ತಿತ್ತು. ಸುಕ್ಕು ಇದ್ರೆ ಇರಲಿ, ನೀರು ಬಿದ್ದ ಮೇಲೆ ಕೂತ್ಕೊಳ್ಳುತ್ತೆ. ಅದಕ್ಕೂ ಮುಂಚೆ ತಳ, ಪಕ್ಕ ಎಲ್ಲಾ ಕಡೆ ಬರಿಗೈ ಸವರಿ ನೋಡಿ. ಕೈಗೆ ಚುಚ್ಚಿದ್ದು ಶೀಟಿಗೂ ಚುಚ್ಚುತ್ತೆ. ನಮಗೆ ಒಂದು ಬುಟ್ಟಿ ಜಾಲಿ ಮುಳ್ಳು, ಬೆಣಚು ಕಲ್ಲು ಸಿಕ್ಕಿತು. ಟ್ರೆಂಚಿಗೆ ಮಣ್ಣು ಪೂರ್ತಿ ತುಂಬೋಕೆ ಮುಂಚೆ ಒಂದೆರಡು ಅಡಿ ನೀರು ಬಿಡಿ. ಇಲ್ಲಾಂದ್ರೆ ನಮ್ಮ ಕಡೆ ಗಾಳಿಗೆ ಶೀಟು ಹಾರುತ್ತೆ.

ಕೊನೇದಾಗಿ ಒಂದು ಮಾತು. ಇದನ್ನ ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾಲ್ಕಡಿ ನೀರು ಇರೋವಾಗ, ಏರಿಯಿಂದ ಉರುಳಿದ ಒಂದು ಇಟ್ಟಿಗೆ ತೆಗೆಯೋಣ ಅಂತ ಇಳಿದೆ. ಇಳಿದೆ ಅನ್ನೋದಕ್ಕಿಂತ ಜಾರಿದೆ. ಹತ್ತೋಕೆ ಹೋದ್ರೆ ಕಾಲಿಗೆ ಹಿಡಿತವೇ ಇಲ್ಲ. ಹೊಸ ಶೀಟು, ಎಣ್ಣೆ ಹಚ್ಚಿದ ಹಾಗೆ. ಎದೆಮಟ್ಟ ನೀರಲ್ಲಿ ನಿಂತು ಕೂಗ್ತಾ ಇದ್ದೆ. ನಾಲ್ಕಡಿ ಇತ್ತು ಅಂತ ಇವತ್ತು ಬರೀತಿದ್ದೀನಿ, ಎಂಟಡಿ ಇದ್ದಿದ್ರೆ ಬರೆಯೋಕೆ ನಾನಿರ್ತಿರಲಿಲ್ಲ. ನಮ್ಮ ಮನೆಯವಳು, ಸೊಸೆ ಇಬ್ಬರೂ ಹಸು ಕಟ್ಟೋ ಹಗ್ಗ ಎಸೆದು ಎಳ್ಕೊಂಡ್ರು. ಅವತ್ತೇ ಸಾಯಂಕಾಲ ನಾಲ್ಕೂ ಕಡೆ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ಹಗ್ಗ ತಳದವರೆಗೆ ಇಳಿಬಿಟ್ಟೆ. ಸುತ್ತ ಬೇಲಿ ಹಾಕಿದೆ. ಶೀಟಿಗೆ ಸಾವಿರಾರು ರೂಪಾಯಿ ಕೊಡೋರು ಹಗ್ಗಕ್ಕೆ ಹಿಂದೆ ಮುಂದೆ ನೋಡಬೇಡಿ. ನಮ್ಮ ಮನೇಲೂ ನಿಮ್ಮ ಮನೇಲೂ ಮಕ್ಕಳು ಓಡಾಡ್ತವೆ.

ಈಗ ಹೊಂಡ ತುಂಬಿದೆ. ಕೋಲು ಮತ್ತೆ ನಿಲ್ಲಿಸಿದ್ದೀನಿ, ದಿನಕ್ಕೆ ಕಾಲು ಇಂಚಿಗಿಂತ ಜಾಸ್ತಿ ಇಳಿದಿಲ್ಲ. ದಾಳಿಂಬೆ ಹೂವು ಕಚ್ಚಿದೆ. ಬಳೆ ಇನ್ನೂ ಬಿಡಿಸಿಲ್ಲ, ಈ ಕೊಯ್ಲಿಗೆ ಬಿಡಿಸಬೇಕು.

ನಿಮ್ಮಲ್ಲಿ ಯಾರಾದ್ರೂ ಶೀಟು ತರೋರಿದ್ರೆ ಮೊದಲು ಹೇಳಿ. ನನ್ನ ಹತ್ರ 100 ಅಡಿ ಟೇಪ್ ಇದೆ, ಇನ್ನೊಂದು ತುದಿ ಹಿಡಿಯೋಕೆ ನಾನೇ ಬರ್ತೀನಿ.