ದೊಡ್ಡ ಹಡಗಿನ ಪಕ್ಕ ಸಣ್ಣ ದೋಣಿ

ಹಡಗು ಎಷ್ಟು ದೊಡ್ಡದು ಎಂದು ತಿಳಿಸಬೇಕಾದರೆ ನಾವು ವರದಿ ಬರೆಯುವವರು ಅಂಕಿ ಕೊಡುತ್ತೇವೆ. ಇಷ್ಟು ಅಡಿ ಉದ್ದ, ಇಷ್ಟು ಟನ್ ತೂಕ. ಇಂಗ್ಲೆಂಡಿನ ಕಲಾವಿದ ಜೆ.ಎಂ.ಡಬ್ಲ್ಯೂ. ಟರ್ನರ್ 1818ರಲ್ಲಿ ಇದನ್ನು ಒಂದು ಅಂಕಿಯೂ ಇಲ್ಲದೆ ತೋರಿಸಿದರು.

ಆಗ ಅವರು ಯಾರ್ಕ್‌ಶೈರ್‌ನ ಫಾರ್ನ್ಲಿ ಹಾಲ್ ಎಂಬ ಮನೆಯಲ್ಲಿದ್ದರು. ಅದು ಸಮುದ್ರ ಕಾಣದ ಒಳನಾಡು. ಯುದ್ಧದ ಹಡಗಿನ ಗಾತ್ರ ಅಂದಾಜಿಗೆ ಸಿಗುವಂಥ ಚಿತ್ರ ಬರೆದುಕೊಡಿ ಎಂದು ಮನೆಯ ಯಜಮಾನ ವಾಲ್ಟರ್ ಫಾಕ್ಸ್ ಕೇಳಿದರು. ಅವರ ಮಗ ಹಾಕ್ಸ್‌ವರ್ತ್ ಪಕ್ಕದಲ್ಲಿದ್ದು ನೋಡಿದ. ಟರ್ನರ್ ಕಾಗದ ತೊಯ್ಯುವಷ್ಟು ಬಣ್ಣದ ನೀರು ಸುರಿದರು, ಉಜ್ಜಿದರು, ಉಗುರಿನಿಂದ ಕೆರೆದರು. ಮಧ್ಯಾಹ್ನದ ಊಟದ ಹೊತ್ತಿಗೆ ಚಿತ್ರ ಮುಗಿದಿತ್ತು.

ಕಾಗದದ ಅಗಲ ಸುಮಾರು 40 ಸೆಂಟಿಮೀಟರ್, ಎತ್ತರ 29. ಫೋನಿನಲ್ಲಿ ನೋಡಿದರೆ ಅಂಗೈಯಷ್ಟೂ ಇಲ್ಲ. ಆದರೂ ಹಡಗು ಬೆಟ್ಟದಂತೆ ಕಾಣುತ್ತದೆ. ಹೇಗೆ?

ಮೊದಲು ಹಡಗನ್ನು ಬಿಟ್ಟು ಕೆಳಗೆ ನೋಡಿ. ಅಲೆಗಳ ನಡುವೆ ಪುಟ್ಟ ದೋಣಿಗಳಿವೆ, ಅವುಗಳಲ್ಲಿ ಚುಕ್ಕೆಗಳಂತೆ ಜನ. ಅಲ್ಲಿಂದ ನಿಧಾನವಾಗಿ ಕಣ್ಣು ಮೇಲಕ್ಕೆತ್ತಿ. ಫಿರಂಗಿ ಕಿಂಡಿಗಳ ಸಾಲಿನ ಮೇಲೆ ಸಾಲು. ಹಾಯಿಕಂಬಗಳ ತುದಿಯಂತೂ ಚಿತ್ರದಲ್ಲಿ ಹಿಡಿಸಿಯೇ ಇಲ್ಲ. ದೋಣಿಯಲ್ಲಿ ಕೂತವನ ಕಣ್ಣಿಗೆ ಹೇಗೆ ಕಂಡೀತೋ ಹಾಗೆ ನಮಗೂ ಕಾಣುತ್ತದೆ. ದೋಣಿಗಳನ್ನು ಬೆರಳಿನಿಂದ ಮುಚ್ಚಿ ನೋಡಿ, ಹಡಗಿನ ಅರ್ಧ ಗಾತ್ರ ಕರಗಿಹೋಗುತ್ತದೆ.

ಚಿತ್ರದ ಹೆಸರಿನಲ್ಲೂ ಒಂದು ಸುಳಿವಿದೆ: 'ಸರಕು ತುಂಬಿಕೊಳ್ಳುತ್ತಿರುವ ಮೊದಲ ದರ್ಜೆಯ ಹಡಗು'. ಮೊದಲ ದರ್ಜೆ ಎಂದರೆ 100 ಅಥವಾ ಅದಕ್ಕಿಂತ ಹೆಚ್ಚು ಫಿರಂಗಿಗಳಿದ್ದ ಹಡಗು. ಯುದ್ಧಕಾಲದಲ್ಲಿ ಅದರಲ್ಲಿ 800ಕ್ಕೂ ಹೆಚ್ಚು ಜನ ಇರುತ್ತಿದ್ದರು. ಅವರಿಗೆ ಒಣ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ, ಬಟಾಣಿ, ಕುಡಿಯುವ ನೀರು, ಎಲ್ಲವೂ ದಡದಿಂದಲೇ ಬರಬೇಕು. ಟರ್ನರ್ ಇಲ್ಲಿ ಗುಂಡಿನ ಹೊಗೆ ಬರೆಯಲಿಲ್ಲ, ಗೆದ್ದ ಬಾವುಟವನ್ನೂ ಮುಂದೆ ಮಾಡಲಿಲ್ಲ. ಹೊಟ್ಟೆ ತುಂಬಿಸಿಕೊಳ್ಳುತ್ತಿರುವ ಹಡಗನ್ನು ಬರೆದರು. ಸರಕು ಬರದಿದ್ದರೆ 100 ಫಿರಂಗಿಗಳೂ ಬಂದರಿನಲ್ಲೇ ಉಳಿಯುತ್ತವೆ.

ಯುದ್ಧಗಳ ಚರಿತ್ರೆಯಲ್ಲಿ ಹಡಗಿನ ಹೆಸರಿರುತ್ತದೆ, ಕ್ಯಾಪ್ಟನ್ನನ ಹೆಸರಿರುತ್ತದೆ. ಮೂಟೆ ಎತ್ತಿಕೊಟ್ಟವರ ಹೆಸರು ಸಿಗುವುದು ಅಪರೂಪ. ಈ ಚಿತ್ರದಲ್ಲಿ ಅವರಿಗೆ ಮುಖವೂ ಇಲ್ಲ, ಆದರೆ ಅಳತೆಗೋಲು ಅವರೇ.

ಚಿತ್ರ ಈಗ ಇಂಗ್ಲೆಂಡಿನ ಬೆಡ್‌ಫರ್ಡ್‌ನ ಹಿಗಿನ್ಸ್ ಮ್ಯೂಸಿಯಂನಲ್ಲಿದೆ. ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ, ಮೊದಲು ದೋಣಿಗಳನ್ನು.