ಒಂದೇ ಅಚ್ಚಿನ ದೋಣಿಗಳನ್ನು ಕಾಯುವವರು

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೆನ್ನೈನ ನೇತ್ರಾ ಕುಮನನ್ ಸ್ಪರ್ಧಿಸಿದ ದೋಣಿಯ ಹೆಸರು ಲೇಸರ್ ರೇಡಿಯಲ್. 2024ರಲ್ಲಿ ಪ್ಯಾರಿಸ್‌ಗೆ ಹೋದಾಗ ಅದೇ ಬಗೆಯ ದೋಣಿ, ಹೆಸರು ಮಾತ್ರ ಐಎಲ್‌ಸಿಎ 6. ಕೆರೆ ತುಂಬಿದರೆ ಸುದ್ದಿ, ಒಡೆದರೆ ದೊಡ್ಡ ಸುದ್ದಿ ಎನ್ನುವ ನಮ್ಮಂಥ ಜಿಲ್ಲಾ ಸ್ಟ್ರಿಂಗರ್‌ಗಳಿಗೆ ಇದರಿಂದ ಏನಾಗಬೇಕು ಅಂತ ನೀವು ಕೇಳಬಹುದು. ಮೂರು ವರ್ಷದಲ್ಲಿ ದೋಣಿಯ ಹೆಸರೇ ಯಾಕೆ ಬದಲಾಯಿತು ಎಂದು ತಿಳಿಯುವ ಕುತೂಹಲ ನನಗಿತ್ತು. ಹುಡುಕುತ್ತ ಹೋಗಿ ಕೊನೆಗೆ ತಲುಪಿದ್ದು ರಿಮೋಟ್‌ನಲ್ಲಿ ಓಡಿಸುವ ಆಟಿಕೆ ಗಾತ್ರದ ಹಾಯಿದೋಣಿಗಳ ಲೋಕಕ್ಕೆ, ಅವುಗಳ ಮಾಲೀಕರ ಸಂಘಗಳಿಗೆ.

ಮೊದಲು ಆ ಹೆಸರಿನ ಕತೆ ಮುಗಿಸುತ್ತೇನೆ. ಲೇಸರ್ ಎಂಬುದು ಒನ್ ಡಿಸೈನ್ ದೋಣಿ. ಅಂದರೆ ಎಲ್ಲರದ್ದೂ ಒಂದೇ ಅಚ್ಚು, ಒಂದೇ ಅಳತೆ. ದುಡ್ಡಿದ್ದವನು ವೇಗದ ದೋಣಿ ಕಟ್ಟಿಸಿಕೊಂಡು ಗೆಲ್ಲುವ ಹಾಗಿಲ್ಲ. ಗಾಳಿ ಓದಲು ಬಂದವನೇ ಗೆಲ್ಲಬೇಕು. ಈ ಅಚ್ಚನ್ನು ಕಾಯುವುದು ದೋಣಿ ಓಡಿಸುವವರ ಅಂತರರಾಷ್ಟ್ರೀಯ ಸಂಘ. 2019ರಲ್ಲಿ ಒಂದು ದೊಡ್ಡ ತಯಾರಕ ಕಂಪನಿ ತನ್ನ ಕಾರ್ಖಾನೆಯ ತಪಾಸಣೆಗೆ ಅವಕಾಶ ಕೊಡಲಿಲ್ಲ ಎಂದು ಹೇಳಿ ಸಂಘ ಆ ಕಂಪನಿಯ ಜೊತೆಗಿನ ಒಪ್ಪಂದ ಮುರಿಯಿತು. ಲೇಸರ್ ಎಂಬ ಟ್ರೇಡ್‌ಮಾರ್ಕ್ ಸಂಘದ್ದಲ್ಲ. ಹಾಗಾಗಿ ಸಂಘ ತನ್ನ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನೇ ದೋಣಿಗೆ ಇಟ್ಟಿತು. ಹೆಸರು ಹೋದರೂ ನಿಯಮ ಮತ್ತು ಸದಸ್ಯರ ಪಟ್ಟಿ ಸಂಘದ ಕೈಯಲ್ಲೇ ಉಳಿದವು. ದೋಣಿ ಒಲಿಂಪಿಕ್ಸ್‌ನಲ್ಲೂ ಉಳಿಯಿತು.

ಒಲಿಂಪಿಕ್ಸ್ ಮಟ್ಟದ ಸಂಘಕ್ಕೆ ಕಚೇರಿ, ವಕೀಲರು ಇರುತ್ತಾರೆ. ಇದೇ ಕೆಲಸವನ್ನು ಯಾವ ಬಲವೂ ಇಲ್ಲದೆ ಮಾಡುವವರು ಮಾಡೆಲ್ ದೋಣಿಗಳ ಸಂಘದವರು. ಡ್ರ್ಯಾಗನ್‌ಫೋರ್ಸ್ 65 ಎಂಬ ದೋಣಿಯನ್ನೇ ನೋಡಿ. ಚೀನಾದ ಕಾರ್ಖಾನೆಯಿಂದ ಡಬ್ಬದಲ್ಲಿ ಬರುತ್ತದೆ, ಉದ್ದ 65 ಸೆಂಟಿಮೀಟರ್. ಇದರ ಅಣ್ಣ 95 ಸೆಂಟಿಮೀಟರ್. ಇಂಟರ್‌ನ್ಯಾಷನಲ್ ಒನ್ ಮೀಟರ್ ಎಂಬ ಇನ್ನೊಂದು ಕ್ಲಾಸಿನಲ್ಲಿ ಗರಿಷ್ಠ ಉದ್ದ, ಕನಿಷ್ಠ ತೂಕದ ಮಿತಿಯೊಳಗೆ ಯಾರು ಬೇಕಾದರೂ ಹೊಸ ಆಕಾರದ ಒಡಲು ರೂಪಿಸಬಹುದು. ಹಾಗಾಗಿ ಅಲ್ಲಿ ಹೊಸ ವಿನ್ಯಾಸ ಬರುತ್ತಲೇ ಇರುತ್ತದೆ, ಖರ್ಚೂ ಅದರ ಹಿಂದೆಯೇ ಬರುತ್ತದೆ. ಒನ್ ಡಿಸೈನ್‌ನವರು ಆ ಬಾಗಿಲನ್ನೇ ಮುಚ್ಚಿದ್ದಾರೆ. ಮಾಡಬಹುದು ಎಂದು ನಿಯಮದಲ್ಲಿ ಬರೆದಿಲ್ಲದಿದ್ದರೆ ಮಾಡುವಂತಿಲ್ಲ. ಅಷ್ಟೇ.

ಅಷ್ಟೇ ಅನ್ನುವುದು ಸುಲಭ. ಅದನ್ನು ನಡೆಸುವವರು ಕ್ಲಾಸ್ ಸೆಕ್ರೆಟರಿ. ಅಮೆರಿಕದಲ್ಲಿ 1970ರಲ್ಲಿ ಶುರುವಾದ ಮಾಡೆಲ್ ಯಾಟಿಂಗ್ ಸಂಘದಲ್ಲಿ ಪ್ರತಿ ಬಗೆಯ ದೋಣಿಗೂ ಇಂಥ ಒಬ್ಬರಿದ್ದಾರೆ. ಸಂಬಳವಿಲ್ಲದ ಕೆಲಸ. ಅವರಿಗೆ ಬರುವ ಪ್ರಶ್ನೆಗಳು ಯಾವ ಬಗೆಯವು ಅಂತ ಊಹಿಸುವುದು ಕಷ್ಟವಲ್ಲ. ಕೀಲಿನ ಅಂಚನ್ನು ಸ್ವಲ್ಪ ಉಜ್ಜಿ ನಯ ಮಾಡಿಕೊಳ್ಳಲೇ? ಕಂಪನಿಯ ಮೋಟಾರು ಸುಟ್ಟುಹೋಯಿತು, ಬೇರೆಯದು ಹಾಕಲೇ? ಹೊಸ ಆವೃತ್ತಿ ಬಂದಿದೆ, ನನ್ನ ಹಳೆಯ ದೋಣಿ ಅದರ ಜೊತೆ ಓಡಬಹುದೇ? ಒಂದೊಂದೂ ನ್ಯಾಯವಾದ ಪ್ರಶ್ನೆಯೇ. ಆದರೆ ಹತ್ತು ಜನರಿಗೆ ಹತ್ತು ಸಣ್ಣ ಹೂಂ ಅಂದರೆ ಎರಡು ಸೀಸನ್‌ನಲ್ಲಿ ಅಚ್ಚು ಮಾಯ. ಪ್ರತಿಯೊಬ್ಬರಿಗೂ ಊಹೂಂ ಅಂದರೆ ಬಿಡಿಭಾಗ ಸಿಗದ ಸದಸ್ಯರು ದೋಣಿಯನ್ನು ಅಟ್ಟಕ್ಕೆ ಹಾಕುತ್ತಾರೆ. ಈ ಎರಡರ ನಡುವಿನ ಕಿರುದಾರಿಯಲ್ಲಿ ನಡೆಯುವುದೇ ಅವರ ಕೆಲಸ. ಅದರ ಮೇಲೆ ಇನ್ನೊಂದು ತೂಗುಗತ್ತಿ: ದೋಣಿ ತಯಾರಿಸುವುದು ಸಂಘವಲ್ಲ, ಕಂಪನಿ. ಅದು ನಾಳೆ ಅಚ್ಚು ನಿಲ್ಲಿಸಿದರೆ ಸಂಘದ ಬಳಿ ಉಳಿಯುವುದು ಒಂದು ರಿಜಿಸ್ಟರ್ ಮಾತ್ರ.

ಆ ರಿಜಿಸ್ಟರ್ ನನಗೆ ಬಹಳ ಹಿಡಿಸಿತು. ದೋಣಿ ನೋಂದಾಯಿಸಿದರೆ ಒಂದು ನಂಬರ್. ಹಾಯಿಯ ಮೇಲೆ ಅದರ ಕೊನೆಯ ಎರಡು ಅಂಕಿ. ದಡದಲ್ಲಿ ನಿಂತವರಿಗೆ ನೀರಿನ ಮೇಲಿರುವುದೆಲ್ಲ ಒಂದೇ ಥರ ಕಾಣುತ್ತದೆ. ಹಾಗಾಗಿ ತಕರಾರು ಕೂಗುವಾಗ ಹೆಸರು ಹಿಡಿದು ಕೂಗುವುದಿಲ್ಲ, ತನ್ನ ನಂಬರ್, ಎದುರಾಳಿಯ ನಂಬರ್ ಹೇಳಬೇಕು. 27 ಪ್ರೊಟೆಸ್ಟ್ 43, ಹೀಗೆ. ಒಂದೇ ರೇಸಿಗೆ 27 ಎಂಬ ನಂಬರಿನ ಇಬ್ಬರು ಬಂದರೆ ಒಬ್ಬರು ಮುಂದೆ 1 ಸೇರಿಸಿ 127 ಆಗುತ್ತಾರೆ. ಆ ದಡದಲ್ಲಿ ಡಾಕ್ಟರೂ ನಂಬರೇ, ಮೆಕ್ಯಾನಿಕ್ಕೂ ನಂಬರೇ.

ಇದನ್ನು ಓದುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನಮ್ಮದೇ ಪುಟ್ಟ ಸಂಘ. ನಾಲ್ಕು ವರ್ಷದಿಂದ ನಮ್ಮ ತಾಲೂಕಿನ ಸ್ಟ್ರಿಂಗರ್‌ಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಹತ್ತೊಂಬತ್ತು ಜನ, ವರ್ಷಕ್ಕೆ ಇನ್ನೂರು ರೂಪಾಯಿ ಚಂದಾ, ಒಂದು ಉದ್ದನೆಯ ನೋಟ್‌ಬುಕ್. ಎಲ್ಲಾದರೂ ಪತ್ರಕರ್ತರ ಪ್ರವಾಸಕ್ಕೆ ನಾಲ್ಕು ಸೀಟು ಬಂದರೆ ಪಟ್ಟಿಯ ಸರದಿಯಂತೆ ಹೋಗಬೇಕು ಅನ್ನುವುದು ನಾವೇ ಮಾಡಿಕೊಂಡ ನಿಯಮ. ಹೋದ ವರ್ಷ ದೊಡ್ಡ ಪತ್ರಿಕೆಗೆ ಬರೆಯುವ ಗೆಳೆಯನೊಬ್ಬ, ನನ್ನ ಪೇಪರಿನ ಪ್ರಸಾರ ನೋಡಿ ಸರದಿ ಬಿಟ್ಟುಕೊಡಿ ಎಂದ. ಸಣ್ಣ ವಾರಪತ್ರಿಕೆಯ ಹೆಣ್ಣುಮಗಳ ಸರದಿ ಅದು. ಆಕೆ ಎರಡು ವರ್ಷ ಕಾದಿದ್ದಳು. ಆಗುವುದಿಲ್ಲ ಎಂದೆ. ಅವಳು ಹೋಗಿ ಬಂದಳು, ಎರಡು ಒಳ್ಳೆಯ ವರದಿ ಬರೆದಳು. ಆ ಗೆಳೆಯ ಈಗಲೂ ಚಹಾದಂಗಡಿಯಲ್ಲಿ ನನ್ನ ಪಕ್ಕ ಕೂರುವುದಿಲ್ಲ.

ಈ ಸಲ ಕಾರ್ಯದರ್ಶಿ ಸ್ಥಾನ ಬಿಟ್ಟುಬಿಡು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಸುದ್ದಿಗೆ ಇಷ್ಟು ಎಂದು ಎಣಿಸಿ ದುಡ್ಡು ಬರುವ ವೃತ್ತಿಯಲ್ಲಿ, ದುಡ್ಡೇ ಬರದ ಕೆಲಸಕ್ಕೆ ಸ್ನೇಹವನ್ನೂ ಕಳೆದುಕೊಳ್ಳುವುದು ಯಾವ ಲೆಕ್ಕ ಅನ್ನುವುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಆದರೆ ಈ ದೋಣಿಯವರನ್ನು ಓದಿದ ಮೇಲೆ ಒಂದು ವಿಷಯ ನನಗೆ ಖಚಿತವಾಗಿದೆ. ಸಮಾನತೆ ಅಚ್ಚಿನಲ್ಲಿ ಸಿದ್ಧವಾಗಿ ಡಬ್ಬದೊಳಗೆ ಬರುವುದಿಲ್ಲ. ಡಬ್ಬ ಬಿಚ್ಚಿದ ಮರುಕ್ಷಣದಿಂದ ಅದು ಸವೆಯಲು ಶುರು. ಯಾರಿಗೂ ಕೆಟ್ಟ ಉದ್ದೇಶ ಇರಬೇಕಿಲ್ಲ, ಎಲ್ಲರಿಗೂ ಒಂದೊಂದು ಒಳ್ಳೆಯ ಕಾರಣ ಇದ್ದರೆ ಸಾಕು. ಅದನ್ನು ಕಾಯಲು ಯಾರಾದರೂ ರಿಜಿಸ್ಟರ್ ಹಿಡಿದು ಕೂತಿರಬೇಕು, ಗೆಳೆಯನಿಗೂ ಅಪರಿಚಿತನಿಗೂ ಒಂದೇ ಉತ್ತರ ಕೊಡಬೇಕು. ನಮ್ಮ ಸಂಘದ ಸಭೆ ಮುಂದಿನ ತಿಂಗಳು. ಯಾರಾದರೂ ಈ ನೋಟ್‌ಬುಕ್ ತಗೊಳ್ಳಲು ಮುಂದೆ ಬಂದರೆ ಖುಷಿಯಿಂದ ಕೊಡುತ್ತೇನೆ. ಯಾರೂ ಬರದಿದ್ದರೆ ಇನ್ನೊಂದು ವರ್ಷ ಅದು ನನ್ನ ಬ್ಯಾಗಿನಲ್ಲೇ ಇರುತ್ತದೆ, ಸರದಿಯೂ ಬದಲಾಗುವುದಿಲ್ಲ.